ಏಂಜಲ್ ಫಿಶ್ ಸಾಕುವುದು: ಮೊದಲು ನೀರು, ಆಮೇಲೆ ತೊಟ್ಟಿ, ಕೊನೆಗೆ ಮೀನು

ನನಗೆ ಬರುವ ಫೋನ್ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. "ಹೋದ ರವಿವಾರ ತೊಟ್ಟಿ ತಂದ್ವಿ, ನಾಲ್ಕು ಏಂಜಲ್ ಬಿಟ್ಟಿದ್ವಿ. ಇವತ್ತು ಮೂರನೇದೂ ಸತ್ತು ಹೋತು. ಮೀನೇ ಖರಾಬ್ ಇದ್ವು ಏನ್ರಿ?" ಮೀನು ಖರಾಬ್ ಇರುವುದು ಕಡಿಮೆ. ತೊಟ್ಟಿ, ಉಸುಕು, ನೀರು, ಮೀನು ಎಲ್ಲವೂ ಒಂದೇ ದಿನ ಮನೆಗೆ ಬಂದಿರುತ್ತವೆ. ತಪ್ಪು ಅಲ್ಲೇ ಆಗಿರುತ್ತದೆ.

ನಾನೂ ಹಾಗೇ ಶುರು ಮಾಡಿದವನು. ಅಂಗಡಿಯವರು ಎಲ್ಲ ಒಟ್ಟಿಗೆ ಕಟ್ಟಿಕೊಟ್ಟರು, ನಾನು ಸಂಜೆಯೇ ಮೀನು ಬಿಟ್ಟೆ. ಒಂಬತ್ತು ದಿನದಲ್ಲಿ ತೊಟ್ಟಿ ಖಾಲಿ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಒಂದನ್ನು ಹಾರಿಸಿ ಮುಂದಿನದಕ್ಕೆ ಹೋದರೆ ಮೀನೇ ಲೆಕ್ಕ ಕೊಡುತ್ತದೆ.

ಬೇಕಾಗುವ ಸಾಮಾನು

ತೊಟ್ಟಿ ಮತ್ತು ಸ್ಟ್ಯಾಂಡ್, ಫಿಲ್ಟರ್, ಏರ್ ಪಂಪ್, ಹೀಟರ್, ಥರ್ಮಾಮೀಟರ್, ಲೈಟು ಅಂತ ಎಲ್ಲರೂ ಪಟ್ಟಿ ಮಾಡುತ್ತಾರೆ. ಜನ ಬಿಟ್ಟುಬಿಡುವುದು ಬೇರೆ ನಾಲ್ಕು ಸಾಮಾನು. ನೀರಿನಲ್ಲಿ ಕರಗಿದ ಉಪ್ಪು, ಖನಿಜ ಎಷ್ಟಿದೆ ಅಂತ ತೋರಿಸುವ ಟಿಡಿಎಸ್ ಮೀಟರ್. ಅಮೋನಿಯಾ, ನೈಟ್ರೈಟ್, ನೈಟ್ರೇಟ್ ಮತ್ತು ಪಿಎಚ್ (ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಅನ್ನುವ ಅಂಕಿ) ನೋಡುವ, ಹನಿ ಹಾಕುವ ಟೆಸ್ಟ್ ಕಿಟ್. ಬ್ಯಾಟರಿಯಲ್ಲಿ ನಡೆಯುವ ಏರ್ ಪಂಪ್. ಮುಚ್ಚಳ ಇರುವ 50-60 ಲೀಟರಿನ ಒಂದು ಡ್ರಮ್. ಜೊತೆಗೆ ಎರಡು ಹೊಸ ಬಕೆಟ್ ಮತ್ತು ಒಂದು ಪೈಪು ಇರಲಿ. ಬಟ್ಟೆ ತೊಳೆಯುವ ಬಕೆಟ್ ಬೇಡ. ಅದರ ಗೋಡೆಗೆ ಅಂಟಿದ ಸೋಪು ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ.

ದುಡ್ಡು ಕಡಿಮೆ ಇದ್ದರೆ ಲೈಟು ಮತ್ತು ಗೊಂಬೆಗಳನ್ನು ಬಿಡಿ, ಟೆಸ್ಟ್ ಕಿಟ್ ಬಿಡಬೇಡಿ.

ಹಂತ 1: ನಿಮ್ಮ ಮನೆಯ ನೀರು ಅಳೆಯಿರಿ

ಏಂಜಲ್ ಫಿಶ್ ದಕ್ಷಿಣ ಅಮೆರಿಕದ ಅಮೆಜಾನ್ ಬಯಲಿನ ಮೀನು. ಅಲ್ಲಿಯ ನೀರು ಮೆದು, ಸ್ವಲ್ಪ ಹುಳಿ. ನಮ್ಮ ಉತ್ತರ ಕರ್ನಾಟಕದ ಬೋರ್ ನೀರು ಇದಕ್ಕೆ ಪೂರ್ತಿ ಉಲ್ಟಾ. ಆದರೆ ಅಂಗಡಿಯಲ್ಲಿ ಸಿಗುವ ಏಂಜಲ್‌ಗಳು ಕಾಡಿನ ಹೊಳೆಯಿಂದ ಬಂದವಲ್ಲ. ತಲೆಮಾರುಗಳಿಂದ ತೊಟ್ಟಿಯಲ್ಲೇ ಹುಟ್ಟಿ ಬೆಳೆದವು. ಪಿಎಚ್ 6.5ರಿಂದ 7.8ರವರೆಗೆ, ಮಧ್ಯಮ ಗಡಸಿನ ನೀರಿನಲ್ಲಿ ಚೆನ್ನಾಗಿಯೇ ಇರುತ್ತವೆ. ಅವಕ್ಕೆ ಆಗದೇ ಇರುವುದು ದಿನಕ್ಕೊಂದು ಥರದ ನೀರು.

ಟಿಡಿಎಸ್ ಮೀಟರ್ ಅನ್ನು ನಳದ ನೀರಿನಲ್ಲಿ, ಬೋರ್ ನೀರಿನಲ್ಲಿ, ಆರ್‌ಒ ನೀರಿನಲ್ಲಿ ಒಂದೊಂದು ಸಲ ಅದ್ದಿ ಅಂಕಿ ಬರೆದಿಡಿ. ಬೆಳಗಾವಿಯಲ್ಲಿ ರಕ್ಕಸಕೊಪ್ಪ ಅಥವಾ ಹಿಡಕಲ್ ಜಲಾಶಯದ ನೀರು ನಳಕ್ಕೆ ಬರುವವರ ಕೆಲಸ ಬಹುಪಾಲು ಸಲೀಸು. ಬಾಗಲಕೋಟೆಯಲ್ಲಿ ಸುಣ್ಣದ ಕಲ್ಲಿನ ನೆಲದ ಬೋರ್ ಇರುವವರು, ವಿಜಯಪುರದ ಕಪ್ಪು ನೆಲದಲ್ಲಿ ಬೋರ್ ಕೊರೆಸಿದವರು ಈ ಹಂತಕ್ಕೆ ಜಾಸ್ತಿ ಸಮಯ ಕೊಡಿ.

ಮೀಟರ್ 400ರ ಒಳಗೆ ತೋರಿಸಿದರೆ ಆ ನೀರನ್ನೇ ಬಳಸಿ. ಅದಕ್ಕಿಂತ ಬಹಳ ಮೇಲಿದ್ದರೆ ಆರ್‌ಒ ನೀರು ಬೆರೆಸಬೇಕು. ಲೆಕ್ಕ ಸುಲಭ. ಬೋರ್ ನೀರು 1200, ಆರ್‌ಒ ನೀರು 50 ಇದೆ ಅಂದುಕೊಳ್ಳಿ. ಒಂದು ಬಕೆಟ್ ಬೋರ್ ನೀರಿಗೆ ಎರಡು ಬಕೆಟ್ ಆರ್‌ಒ ನೀರು ಸೇರಿಸಿದರೆ ಸುಮಾರು 430 ಬರುತ್ತದೆ. ಅಷ್ಟು ಸಾಕು. ಓಣಿಯಲ್ಲಿ ನಾಣ್ಯ ಹಾಕಿ ಹಿಡಿಯುವ ಶುದ್ಧ ಕುಡಿಯುವ ನೀರಿನ ಘಟಕ ಇದ್ದರೆ ಅದೇ ನೀರು ನಡೆಯುತ್ತದೆ. ಒಮ್ಮೆ ಹಿಡಿದ ಪ್ರಮಾಣವನ್ನು ಗೋಡೆಗೆ ಬರೆದು ಅಂಟಿಸಿ. ಪ್ರತಿ ಸಲವೂ ಅದೇ ಪ್ರಮಾಣ.

ಇಲ್ಲಿ ಆಗುವ ತಪ್ಪುಗಳು ಮೂರು. ಮೊದಲನೆಯದು, ಪೂರ್ತಿ ಆರ್‌ಒ ನೀರು ತುಂಬುವುದು. ಅದರಲ್ಲಿ ಖನಿಜ ಇರುವುದಿಲ್ಲ, ಪಿಎಚ್ ಇದ್ದಕ್ಕಿದ್ದಂತೆ ಬಿದ್ದುಹೋಗಬಹುದು. ಎರಡನೆಯದು, ಆರ್‌ಒ ಮಷಿನ್ ಹೊರಗೆ ಬಿಡುವ ನೀರನ್ನು ಉಳಿತಾಯ ಅಂತ ತೊಟ್ಟಿಗೆ ಹಾಕುವುದು. ಅದು ಬೋರ್ ನೀರಿಗಿಂತಲೂ ಗಡಸು. ಮೂರನೆಯದು, ಪಿಎಚ್ ಇಳಿಸುವ ಬಾಟಲಿ. ಗಡಸು ನೀರು ಆ ಔಷಧಿಯನ್ನು ನುಂಗಿ ಎರಡು ದಿನದಲ್ಲಿ ಮತ್ತೆ ಮೇಲೆ ಏರುತ್ತದೆ. ಮೀನು ಏರಿಳಿತದಲ್ಲಿ ಸಾಯುತ್ತದೆ.

ನಳದ ನೀರಿಗೆ ಇನ್ನೊಂದು ಮಾತು. ಅದರಲ್ಲಿ ಕ್ಲೋರಿನ್ ಇರುತ್ತದೆ, ಕೆಲವು ದಿನ ವಾಸನೆಯೇ ಬಡಿಯುತ್ತದೆ. ಅದಕ್ಕೇ ಆ ಡ್ರಮ್. ನಳ ಬಂದ ದಿನ ತುಂಬಿ, ಏರ್ ಪಂಪಿನ ನಳಿಕೆಗೆ ಒಂದು ಏರ್ ಸ್ಟೋನ್ (ಗುಳ್ಳೆ ಬಿಡುವ ಕಲ್ಲು) ಸಿಕ್ಕಿಸಿ, ಒಳಗೆ ಬಿಟ್ಟು 24 ಗಂಟೆ ಇಡಿ. ಅವಸರ ಇದ್ದರೆ ಆಂಟಿ ಕ್ಲೋರಿನ್ ಹನಿ ಹಾಕಿ. ಬಾಟಲಿ ಮೇಲೆ ಎಷ್ಟು ಬರೆದಿದೆಯೋ ಅಷ್ಟೇ.

ಹಂತ 2: ತೊಟ್ಟಿಯ ಅಳತೆ ಮತ್ತು ಜಾಗ

ಅಂಗಡಿಯಲ್ಲಿ ರೂಪಾಯಿ ನಾಣ್ಯದಷ್ಟು ಇರುವ ಮೀನು ವರ್ಷದೊಳಗೆ ಅಂಗೈ ತುಂಬುತ್ತದೆ. ಮೈ ಉದ್ದ 15 ಸೆಂಟಿಮೀಟರ್ ತನಕ ಹೋಗುತ್ತದೆ. ಮೇಲಿನ, ಕೆಳಗಿನ ರೆಕ್ಕೆ ಸೇರಿದರೆ ಎತ್ತರ 20 ಸೆಂಟಿಮೀಟರ್ ದಾಟುತ್ತದೆ. ಹಾಗಾಗಿ ಉದ್ದಕ್ಕಿಂತ ಮೊದಲು ಎತ್ತರ ನೋಡಿ. 18 ಇಂಚಿಗಿಂತ ಕಡಿಮೆ ಬೇಡ.

ನನ್ನ ಶಿಫಾರಸು 3 ಅಡಿ ಉದ್ದ, 15 ಇಂಚು ಅಗಲ, 18 ಇಂಚು ಎತ್ತರ, 8 ಮಿಲಿಮೀಟರ್ ಗಾಜು. ಅಂಚು ಬಿಟ್ಟು, ಉಸುಕು ಕಳೆದರೆ ಸುಮಾರು 140 ಲೀಟರ್ ನೀರು ನಿಲ್ಲುತ್ತದೆ. ಗಾಜಿನ ಬೌಲ್ ಮತ್ತು ಒಂದು ಅಡಿಯ ತೊಟ್ಟಿಯ ಬಗ್ಗೆ ಮಾತೇ ಬೇಡ.

ಎಲ್ಲ ತುಂಬಿದ ಮೇಲೆ ಇದರ ತೂಕ 200 ಕೆಜಿಯ ಹತ್ತಿರ. ಪ್ಲೈವುಡ್ ಟಿವಿ ಸ್ಟ್ಯಾಂಡ್ ತಡೆಯುವುದಿಲ್ಲ. ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ, ಮೇಲೆ ಥರ್ಮಾಕೋಲ್ ಹಾಳೆ ಹಾಸಿ, ಮಟ್ಟಗೋಲು ಇಟ್ಟು ಸಮ ನೋಡಿ. ಸುಮ್ನೆ ನೀರು ತುಂಬಿ ಎರಡು ದಿನ ಬಿಡಿ. ಸೋರಿದರೆ ಈಗಲೇ ಗೊತ್ತಾಗಲಿ.

ಜಾಗದ ಬಗ್ಗೆ ಜನ ಯೋಚಿಸುವುದು ಬರೀ ಚಂದ ಕಾಣುತ್ತದಾ ಅಂತ. ನೀವು ಹೀಗೆ ಯೋಚಿಸಿ. ಬಿಸಿಲು ಬೀಳುವ ಕಿಟಕಿ ಬೇಡ, ಪಾಚಿ ಮತ್ತು ಬಿಸಿ ಎರಡೂ ಬರುತ್ತವೆ. ಪಶ್ಚಿಮದ ಗೋಡೆ ಬೇಡ, ಮೇ ತಿಂಗಳಲ್ಲಿ ಆ ಗೋಡೆ ರಾತ್ರಿ ಹತ್ತಕ್ಕೂ ಕಾದಿರುತ್ತದೆ. ಅಡುಗೆಮನೆಯ ಬಾಗಿಲ ಹತ್ತಿರ ಬೇಡ, ಒಗ್ಗರಣೆಯ ಎಣ್ಣೆ ನೀರಿನ ಮೇಲೆ ಪೊರೆ ಕಟ್ಟುತ್ತದೆ. ದೇವರ ಮನೆಯ ಊದುಬತ್ತಿ, ಸೊಳ್ಳೆ ಬತ್ತಿ, ಜಿರಳೆ ಸ್ಪ್ರೇ ಇವುಗಳ ಪಕ್ಕ ಏರ್ ಪಂಪ್ ಇದ್ದರೆ ಆ ಹೊಗೆಯನ್ನೇ ಎಳೆದು ನೀರಿಗೆ ಊದುತ್ತದೆ. ಸಂಜೆ ಸ್ಪ್ರೇ ಹೊಡೆದು ಬೆಳಗ್ಗೆ "ಎಲ್ಲ ಮೀನು ಒಟ್ಟಿಗೆ ಹೋದವು" ಅಂದವರನ್ನು ನಾನು ನೋಡಿದ್ದೇನೆ.

ಹಂತ 3: ಉಸುಕು, ಕಲ್ಲು, ಗಿಡ

ತಳಕ್ಕೆ ಒಂದರಿಂದ ಒಂದೂವರೆ ಇಂಚು ಉಸುಕು ಸಾಕು. ಈ ಅಳತೆಗೆ 15ರಿಂದ 18 ಕೆಜಿ ಬೇಕು. ಹೊಳೆ ಉಸುಕಾದರೆ ಜರಡಿ ಹಿಡಿದು, ಮೇಲೆ ನಿಲ್ಲುವ ನೀರು ತಿಳಿ ಆಗುವವರೆಗೆ ತೊಳೆಯಿರಿ. ಹತ್ತು ಸಲ ತೊಳೆಯಬೇಕಾಗುತ್ತದೆ. ಬೇಜಾರು ಮಾಡಿಕೊಳ್ಳಬೇಡಿ.

ಈ ಕಡೆಯವರು ಮಾಡುವ ಒಂದು ಖಾಸ್ ತಪ್ಪು ಇದೆ. ಮನೆ ಕಟ್ಟಿ ಉಳಿದ ಶಹಾಬಾದ್ ಫರ್ಸಿಯ ತುಂಡುಗಳನ್ನು ಜೋಡಿಸಿ ಗುಹೆ ಮಾಡುತ್ತಾರೆ. ಫರ್ಸಿ ಸುಣ್ಣದ ಕಲ್ಲು. ನಿಧಾನಕ್ಕೆ ಕರಗಿ ನೀರಿನ ಗಡಸು ಏರಿಸುತ್ತದೆ. ಕಪ್ಪೆಚಿಪ್ಪು, ಶಂಖ, ಬಿಳಿ ಹವಳದ ಚೂರು ಕೂಡ ಹಾಗೇ. ಯಾವುದೇ ಕಲ್ಲನ್ನು ಮೊಳೆಯಿಂದ ಗೀರಿ, ಆ ಪುಡಿಯ ಮೇಲೆ ಲಿಂಬೆ ರಸ ಹಿಂಡಿ. ಇಂಡಿ ತಾಲೂಕಿನ ಪಕ್ಕದಲ್ಲಿದ್ದು ಲಿಂಬೆಗೆ ಬರ ಇಲ್ಲವಲ್ಲ. ಸಣ್ಣ ನೊರೆ ಗುಳ್ಳೆ ಎದ್ದರೆ ಆ ಕಲ್ಲು ತೊಟ್ಟಿಗೆ ಬೇಡ. ಉಸುಕಿಗೂ ಇದೇ ಪರೀಕ್ಷೆ ಮಾಡಿ. ನಮ್ಮ ಹೊಲದ ಕಪ್ಪು ಕಲ್ಲು ಸಾಮಾನ್ಯವಾಗಿ ಪಾಸಾಗುತ್ತದೆ.

ಗಿಡಗಳಲ್ಲಿ ವ್ಯಾಲಿಸ್ನೇರಿಯಾ ಗಡಸು ನೀರಿನಲ್ಲೂ ಹುಲ್ಲಿನ ಹಾಗೆ ಹಬ್ಬುತ್ತದೆ. ಅಮೆಜಾನ್ ಸ್ವೋರ್ಡ್‌ನ ಅಗಲ ಎಲೆಯ ಮರೆಯಲ್ಲಿ ಏಂಜಲ್ ನಿಲ್ಲುತ್ತದೆ. ಅನುಬಿಯಾಸ್ ಮತ್ತು ಜಾವಾ ಫರ್ನ್ ಅನ್ನು ಉಸುಕಿನಲ್ಲಿ ಹೂಳಬೇಡಿ, ಕಟ್ಟಿಗೆಗೆ ದಾರದಿಂದ ಕಟ್ಟಿ. ಗಿಡಗಳು ಹಿಂದೆ ಮತ್ತು ಪಕ್ಕದಲ್ಲಿ ಇರಲಿ, ಮುಂದೆ ಈಜಲು ಬಯಲು ಬಿಡಿ. ಲೈಟು ದಿನಕ್ಕೆ 8 ಗಂಟೆ. ಚೂಪು ಅಂಚಿನ ಪ್ಲಾಸ್ಟಿಕ್ ಗಿಡ ಹಾಕಿದರೆ ರೆಕ್ಕೆ ಹರಿಯುತ್ತದೆ.

ಹಂತ 4: ಫಿಲ್ಟರ್, ಏರ್ ಪಂಪ್, ಹೀಟರ್

ಏಂಜಲ್‌ಗೆ ಜೋರು ಹರಿವು ಆಗುವುದಿಲ್ಲ. ಅದರ ಮೈ ಹಾಯಿಯ ಹಾಗೆ ಚಪ್ಪಟೆ, ನೀರು ತಳ್ಳಿದ ಕಡೆ ಹೋಗುತ್ತದೆ. ಗಂಟೆಗೆ ತೊಟ್ಟಿಯ ನೀರು ನಾಲ್ಕೈದು ಸಲ ತಿರುಗುವ ಫಿಲ್ಟರ್ ಸಾಕು, ಅಂದರೆ ಈ ಅಳತೆಗೆ ಗಂಟೆಗೆ 600-700 ಲೀಟರಿನದು. ಅದರ ಬಾಯಿಯನ್ನು ಗಾಜಿನ ಕಡೆ ತಿರುಗಿಸಿ. ನಾನು ಇದರ ಜೊತೆ ಏರ್ ಪಂಪಿನ ಗಾಳಿಯಿಂದ ನಡೆಯುವ ಒಂದು ಸ್ಪಂಜ್ ಫಿಲ್ಟರ್ ಕೂಡ ಇಡುತ್ತೇನೆ. ಕರೆಂಟ್ ಹೋದಾಗ ಬ್ಯಾಟರಿ ಪಂಪಿನ ನಳಿಕೆಯನ್ನು ಅದಕ್ಕೇ ಸಿಕ್ಕಿಸಿದರೆ ಗಾಳಿಯೂ ಆಯಿತು, ಫಿಲ್ಟರೂ ನಡೆಯಿತು.

ಏರ್ ಪಂಪ್ ನೀರಿನ ಮಟ್ಟಕ್ಕಿಂತ ಮೇಲೆ ಇರಲಿ. ಕೆಳಗೆ ಇಡಲೇಬೇಕಾದರೆ ನಳಿಕೆಗೆ ಚೆಕ್ ವಾಲ್ವ್ ಹಾಕಿ. ಇಲ್ಲದಿದ್ದರೆ ಕರೆಂಟ್ ಹೋದಾಗ ನೀರು ಹಿಂದಕ್ಕೆ ಹರಿದು ಪಂಪ್ ಸುಡುತ್ತದೆ, ನೆಲವೂ ಒದ್ದೆ.

"ನಮ್ಮ ಊರಿಗೆ ಹೀಟರ್ ಯಾಕ್ರಿ?" ಅಂತ ಎಲ್ಲರೂ ಕೇಳುತ್ತಾರೆ. ಮೇ ತಿಂಗಳಿಗೆ ಬೇಡ. ಡಿಸೆಂಬರ್ ರಾತ್ರಿಗೆ ಬೇಕು. ಬೆಳಗಾವಿಯಲ್ಲಂತೂ ಮಳೆಗಾಲಕ್ಕೂ ಬೇಕು. ನೀರು 26ರಿಂದ 28 ಡಿಗ್ರಿ ಇರಬೇಕು. ಈ ತೊಟ್ಟಿಗೆ 100ರಿಂದ 150 ವ್ಯಾಟ್ ಸಾಕು. ನೀರು ತೆಗೆಯುವ ಮೊದಲು ಹೀಟರ್ ಆಫ್ ಮಾಡಿ ಹತ್ತು ನಿಮಿಷ ಬಿಡಿ. ಕಾದ ಗಾಜು ಗಾಳಿಗೆ ಬಂದರೆ ಬಿರುಕು ಬಿಡುತ್ತದೆ. ನೀರಿಗೆ ಕೈ ಹಾಕುವಾಗ ಪ್ಲಗ್ ತೆಗೆದಿರಲಿ.

ಹಂತ 5: ಮೀನಿಲ್ಲದ ಆರು ವಾರ

ಎಲ್ಲರೂ ಹಾರಿಸುವ ಹಂತ ಇದು. ಒಂಬತ್ತು ದಿನದಲ್ಲಿ ನನ್ನ ಮೀನು ಸತ್ತದ್ದೂ ಇದನ್ನು ಹಾರಿಸಿದ್ದಕ್ಕೆ.

ಮೀನಿನ ಮಲ ಮತ್ತು ಉಳಿದ ಆಹಾರ ಕೊಳೆತು ಅಮೋನಿಯಾ ಆಗುತ್ತದೆ. ಅದು ವಿಷ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ. ಅದೂ ವಿಷ. ಇನ್ನೊಂದು ಜಾತಿ ಅದನ್ನು ನೈಟ್ರೇಟ್ ಮಾಡುತ್ತವೆ. ಇದರಿಂದ ಅಷ್ಟು ತೊಂದರೆ ಇಲ್ಲ, ವಾರಕ್ಕೊಮ್ಮೆ ನೀರು ಬದಲಿಸಿದರೆ ಹೋಗುತ್ತದೆ. ಈ ಬ್ಯಾಕ್ಟೀರಿಯಾ ಮುಖ್ಯವಾಗಿ ಫಿಲ್ಟರಿನ ಸ್ಪಂಜಿನಲ್ಲಿ ಮನೆ ಮಾಡುತ್ತವೆ. ಹೊಸ ಸ್ಪಂಜಿನಲ್ಲಿ ಅವು ಇರುವುದಿಲ್ಲ. ಬೆಳೆಯಲು ನಾಲ್ಕರಿಂದ ಆರು ವಾರ ಬೇಕು.

ನಮ್ಮ ನೀರಿಗೆ ಇದು ಯಾಕೆ ಜಾಸ್ತಿ ಮುಖ್ಯ ಗೊತ್ತಾ? ಪಿಎಚ್ 7ರಿಂದ 8ಕ್ಕೆ ಏರಿದರೆ ಅಮೋನಿಯಾದಲ್ಲಿ ವಿಷಕಾರಿ ಪಾಲು ಸುಮಾರು ಹತ್ತು ಪಟ್ಟಾಗುತ್ತದೆ. ಬಿಸಿ ಏರಿದರೆ ಇನ್ನೂ ಏರುತ್ತದೆ. ಮೆದು ನೀರಿನ ಊರಿನಲ್ಲಿ ಮೀನು ಹೇಗೋ ತಾಳಿಕೊಳ್ಳುವ ಅಮೋನಿಯಾ, ನಮ್ಮ ಬೋರ್ ನೀರಿನಲ್ಲಿ ಅದೇ ಮೀನನ್ನು ಕೊಲ್ಲುತ್ತದೆ.

ಮಾಡುವ ರೀತಿ ಹೀಗೆ. ತೊಟ್ಟಿ ತುಂಬಿ, ಫಿಲ್ಟರ್ ಮತ್ತು ಗಾಳಿ ಹಗಲು ರಾತ್ರಿ ನಡೆಯಲಿ. ಹೀಟರ್ 28ಕ್ಕೆ ಇಡಿ, ತಣ್ಣನೆ ನೀರಿನಲ್ಲಿ ಬ್ಯಾಕ್ಟೀರಿಯಾ ನಿಧಾನ. ದಿನಾ ಒಂದು ಚಿಟಿಕೆ ಮೀನಿನ ಆಹಾರ ಹಾಕಿ. ಹೌದು, ಮೀನಿಲ್ಲದ ತೊಟ್ಟಿಗೆ. ಮನೆಯವರು ನಗುತ್ತಾರೆ, ನಗಲಿ.

ಎರಡು ದಿನಕ್ಕೊಮ್ಮೆ ಟೆಸ್ಟ್ ಮಾಡಿ ಕ್ಯಾಲೆಂಡರ್ ಮೇಲೆ ಬರೆಯಿರಿ. ಮೊದಲ ಒಂದೆರಡು ವಾರ ಅಮೋನಿಯಾ ಏರುತ್ತದೆ. ಆಮೇಲೆ ಅದು ಇಳಿಯುತ್ತಾ ನೈಟ್ರೈಟ್ ಏರುತ್ತದೆ. ಈ ನೈಟ್ರೈಟ್ ಕಾಲ ಬಹಳ ಉದ್ದ, ಇಲ್ಲೇ ಜನ ತಾಳ್ಮೆ ಕಳೆದುಕೊಳ್ಳುತ್ತಾರೆ. ಕೊನೆಗೆ ದಿನಾ ಆಹಾರ ಹಾಕುತ್ತಿದ್ದರೂ ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ ಬಂದು ನೈಟ್ರೇಟ್ ಮಾತ್ರ ಏರುತ್ತಿರುತ್ತದೆ. ಒಂದು ವಾರ ಪೂರ್ತಿ ಹೀಗೇ ಇದ್ದರೆ ತೊಟ್ಟಿ ತಯಾರು. ಅರ್ಧ ನೀರು ಬದಲಿಸಿ, ಮರುದಿನ ಮೀನು ತನ್ನಿ.

ಮೊದಲ ವಾರ ನೀರು ಹಾಲಿನಂತೆ ಮಬ್ಬಾಗಬಹುದು. ಗಾಬರಿಯಾಗಿ ಪೂರ್ತಿ ಚೆಲ್ಲಬೇಡಿ. ತಾನೇ ತಿಳಿಯಾಗುತ್ತದೆ.

ಬೇಗ ಆಗಬೇಕಾ? ವರ್ಷಗಟ್ಟಲೆ ಮೀನು ಸಾಕಿದ, ಸದ್ಯ ರೋಗ ಇಲ್ಲದ ಗೆಳೆಯರ ಫಿಲ್ಟರಿನಿಂದ ಒಂದು ಹಳೆಯ ಸ್ಪಂಜ್ ತುಂಡು ತಂದು ನಿಮ್ಮ ಫಿಲ್ಟರಿಗೆ ಹಾಕಿ. ಒದ್ದೆಯಾಗಿಯೇ ತರಬೇಕು. ಹೀಗೆ ಮಾಡಿದರೆ ಸಮಯ ಅರ್ಧಕ್ಕೆ ಇಳಿಯಬಹುದು. ಹಳೆಯ ತೊಟ್ಟಿಯ ನೀರು ತಂದರೆ ಉಪಯೋಗ ಇಲ್ಲ, ಬ್ಯಾಕ್ಟೀರಿಯಾ ನೀರಿನಲ್ಲಿ ಬಹಳ ಕಡಿಮೆ.

ಹಂತ 6: ಮೀನು ಆರಿಸುವುದು

3 ಅಡಿಯ ತೊಟ್ಟಿಗೆ ಐದಾರು ಮರಿ ತನ್ನಿ. ಎರಡೇ ತಂದರೆ ಒಂದು ಇನ್ನೊಂದನ್ನು ಮೂಲೆಗೆ ಹಾಕುತ್ತದೆ. ಐದಾರು ಇದ್ದಾಗ ಆ ಸಿಟ್ಟು ಹಂಚಿಹೋಗುತ್ತದೆ. ಎಂಟು ಹತ್ತು ತಿಂಗಳಿಗೆ ಎರಡು ಜೋಡಿಯಾಗಿ ಒಂದು ಮೂಲೆ ಹಿಡಿದು ಉಳಿದವನ್ನು ಓಡಿಸಲು ಶುರು ಮಾಡುತ್ತವೆ. ಆಗ ಉಳಿದವಕ್ಕೆ ಬೇರೆ ಮನೆ ನೋಡಬೇಕು. ಇದನ್ನು ತರುವ ಮೊದಲೇ ಯೋಚಿಸಿ.

ಅಂಗಡಿಯಲ್ಲಿ ಬಣ್ಣ ಆಮೇಲೆ ನೋಡಿ. ಮೊದಲು ಆ ತೊಟ್ಟಿಯಲ್ಲಿ ಸತ್ತ ಮೀನು ಇದೆಯಾ ನೋಡಿ. ಇದ್ದರೆ ವಾಪಸ್ ಬನ್ನಿ. ರೆಕ್ಕೆ ಬಿಚ್ಚಿರಬೇಕು. ಎರಡೂ ಕಿವಿರು ಸಮನಾಗಿ, ನಿಧಾನಕ್ಕೆ ಆಡಬೇಕು. ಕಣ್ಣು ತಿಳಿ ಇರಬೇಕು. ಎದೆಯಿಂದ ಇಳಿಬಿದ್ದ ಎರಡು ಮೀಸೆಯಂಥ ರೆಕ್ಕೆ ನೇರ ಇರಬೇಕು. ಕೊನೆಗೆ ಅಂಗಡಿಯವರಿಗೆ ಮೀನಿನ ಆಹಾರದ ಎರಡು ಕಾಳು ಹಾಕಲು ಹೇಳಿ. ಓಡಿ ಬಂದು ತಿಂದದ್ದನ್ನು ಆರಿಸಿ. ಬಿಳಿ ದಾರದಂಥ ಮಲ ಜೋತಾಡುತ್ತಿದ್ದರೆ ಎಷ್ಟೇ ಚಂದ ಇರಲಿ, ಬೇಡ.

ಜೊತೆಗೆ ಯಾವ ಮೀನು? ನಿಯಾನ್ ಟೆಟ್ರಾ ಮತ್ತು ಗಪ್ಪಿ ಬೇಡ, ದೊಡ್ಡ ಏಂಜಲ್ ಅವನ್ನು ನುಂಗುತ್ತದೆ. ಟೈಗರ್ ಬಾರ್ಬ್ ಬೇಡ, ಅವು ಏಂಜಲ್‌ನ ರೆಕ್ಕೆ ಕಡಿಯುತ್ತವೆ. ಗೋಲ್ಡ್ ಫಿಶ್‌ಗೆ ತಣ್ಣನೆ ನೀರು ಬೇಕು, ಹೊಲಸೂ ಜಾಸ್ತಿ. "ತೊಟ್ಟಿ ಸ್ವಚ್ಛ ಮಾಡುತ್ತದೆ" ಅಂತ ಕೊಡುವ ಸಕ್ಕರ್ ಮೀನು ಒಂದು ಅಡಿ ದಾಟಿ ಬೆಳೆಯುತ್ತದೆ, ಕೆಲವೊಮ್ಮೆ ರಾತ್ರಿ ಏಂಜಲ್‌ನ ಚಪ್ಪಟೆ ಮೈಗೆ ಅಂಟಿ ಲೋಳೆ ಹೀರುತ್ತದೆ. ಇದನ್ನು ತರಲೇಬೇಡಿ. ಗಡಸು ನೀರಿಗೆ ಮೋಲಿ ಒಳ್ಳೆಯ ಜೊತೆ. ತಳಕ್ಕೆ ಐದಾರು ಕೋರಿಡೋರಸ್ ನಡೆಯುತ್ತವೆ. ಜೊತೆ ಮೀನುಗಳನ್ನು ಏಂಜಲ್ ತಂದು ಒಂದು ತಿಂಗಳ ನಂತರ ತನ್ನಿ.

ಹಂತ 7: ಮನೆಗೆ ತಂದು ಬಿಡುವುದು

ಊರಿನ ಅಂಗಡಿಯಿಂದ ತಂದರೆ ಲೈಟು ಆರಿಸಿ, ಚೀಲವನ್ನು ಹಾಗೇ 20 ನಿಮಿಷ ನೀರಿನ ಮೇಲೆ ತೇಲಿ ಬಿಡಿ. ಬಾಯಿ ಬಿಚ್ಚಿ, ಐದು ನಿಮಿಷಕ್ಕೊಮ್ಮೆ ಒಂದು ಲೋಟ ತೊಟ್ಟಿಯ ನೀರು ಸೇರಿಸಿ. ಅರ್ಧ ಗಂಟೆ ಆದ ಮೇಲೆ ಬಲೆಯಿಂದ ಮೀನು ಮಾತ್ರ ಎತ್ತಿ ಬಿಡಿ. ಅಂಗಡಿಯ ನೀರು ಮೋರಿಗೆ.

ಸೊಲ್ಲಾಪುರ, ಹುಬ್ಬಳ್ಳಿ ಕಡೆಯಿಂದ ಬಸ್ಸಿನಲ್ಲಿ ಗಂಟೆಗಟ್ಟಲೆ ಬಂದ ಚೀಲವಾದರೆ ಈ ನಿಯಮ ಬೇರೆ. ಮುಚ್ಚಿದ ಚೀಲದಲ್ಲಿ ಮೀನಿನ ಉಸಿರಿನಿಂದ ಪಿಎಚ್ ಇಳಿದಿರುತ್ತದೆ. ಹಾಗಾಗಿ ಅಲ್ಲಿ ಕೂಡಿದ ಅಮೋನಿಯಾ ಅಷ್ಟು ಕೆಡುಕು ಮಾಡುವುದಿಲ್ಲ. ಚೀಲ ಬಿಚ್ಚಿದ ಕೂಡಲೇ ಪಿಎಚ್ ಏರುತ್ತದೆ, ಅದೇ ಅಮೋನಿಯಾ ವಿಷವಾಗುತ್ತದೆ. ಅದಕ್ಕೇ ಚೀಲ ಬಿಚ್ಚದೆ ತೇಲಿಸಿ ಬಿಸಿ ಸಮ ಮಾಡಿ, ಬಿಚ್ಚಿದ ಮೇಲೆ ತಡ ಮಾಡದೆ ಮೀನು ಎತ್ತಿ ಬಿಡಿ.

ಆ ದಿನ ಆಹಾರ ಬೇಡ, ಲೈಟೂ ಬೇಡ. ಮೀನು ಮೂಲೆಯಲ್ಲಿ ಕಪ್ಪಾಗಿ ನಿಂತರೆ ಮೊದಲೆರಡು ದಿನ ಅದು ಸಹಜ. ಮಕ್ಕಳು ಗಾಜು ತಟ್ಟದಂತೆ ನೋಡಿ.

ಹಂತ 8: ಆಹಾರ

ದಿನಕ್ಕೆ ಎರಡು ಸಲ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು. ನಿಧಾನಕ್ಕೆ ಮುಳುಗುವ ಒಂದು ಮಿಲಿಮೀಟರ್ ಕಾಳು ಮುಖ್ಯ ಊಟ. ವಾರಕ್ಕೆರಡು ಸಲ ಒಣಗಿಸಿದ ಬ್ಲಡ್ ವರ್ಮ್ ಕೊಡಿ, ನೀರಿನಲ್ಲಿ ನೆನೆಸಿ. ಜೀವಂತ ಟ್ಯುಬಿಫೆಕ್ಸ್ ಹುಳ ಚರಂಡಿ ನೀರಿನಲ್ಲಿ ಬೆಳೆಯುವಂಥದ್ದು, ಅದರ ಜೊತೆ ರೋಗವೂ ಬರಬಹುದು. ಅನ್ನ, ರೊಟ್ಟಿ ಚೂರು, ಚುರುಮುರಿ ಹಾಕಬೇಡಿ. ವಾರಕ್ಕೊಂದು ದಿನ ಉಪವಾಸ.

ಏಂಜಲ್ ಯಾವಾಗಲೂ ಹಸಿದಂತೆ ಗಾಜಿನ ಹತ್ತಿರ ಬಂದು ನಿಲ್ಲುತ್ತದೆ. ಅದನ್ನು ನಂಬಬೇಡಿ. ಮನೆಯಲ್ಲಿ ಆಹಾರ ಹಾಕುವವರು ಒಬ್ಬರೇ ಇರಲಿ. ಅಜ್ಜಿ ಒಮ್ಮೆ, ಮೊಮ್ಮಗ ಒಮ್ಮೆ, ನೀವು ಒಮ್ಮೆ ಹಾಕಿದರೆ ಮೀನಿಗೆ ಖುಷಿ, ನೀರಿಗೆ ಗ್ರಹಚಾರ.

ಹಂತ 9: ವಾರದ ಕೆಲಸ

ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ, ಅಂದರೆ ಎರಡು ಬಕೆಟ್. ಪೈಪಿನಿಂದ ಉಸುಕಿನ ಮೇಲಿನ ಹೊಲಸು ಎಳೆಯಿರಿ. ಡ್ರಮ್ಮಿನ ನೀರನ್ನು ಪ್ರಮಾಣ ನೋಡಿ ಬೆರೆಸಿ, ಬಿಸಿ ಅಳೆದು, ನಿಧಾನಕ್ಕೆ ಹಾಕಿ. ನೈಟ್ರೇಟ್ 40 ಪಿಪಿಎಂ ದಾಟಬಾರದು, 20ರ ಹತ್ತಿರ ಇದ್ದರೆ ಒಳ್ಳೆಯದು.

ತಿಂಗಳಿಗೊಮ್ಮೆ ಫಿಲ್ಟರಿನ ಸ್ಪಂಜ್ ತೊಳೆಯಿರಿ, ಆದರೆ ನಳದ ಕೆಳಗೆ ಹಿಡಿಯಬೇಡಿ. ಕ್ಲೋರಿನ್ ತಾಗಿದರೆ ಆರು ವಾರದ ಬ್ಯಾಕ್ಟೀರಿಯಾ ಹೋಗುತ್ತವೆ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಎರಡು ಸಲ ಹಿಂಡಿ ವಾಪಸ್ ಹಾಕಿ. ದೀಪಾವಳಿಗೆ ಮನೆ ತೊಳೆಯುವಾಗ ತೊಟ್ಟಿಯನ್ನೂ ಪೂರ್ತಿ ಖಾಲಿ ಮಾಡಿ, ಉಸುಕು ತೊಳೆದು, ಹೊಸ ನೀರು ತುಂಬುವವರಿದ್ದಾರೆ. ಎರಡು ವರ್ಷ ಬದುಕಿದ ಮೀನು ಆ ವಾರ ಸಾಯುತ್ತದೆ.

ಹಂತ 10: ಏಪ್ರಿಲ್ ಮತ್ತು ಮೇ

ಹೊರಗೆ 41-42 ಡಿಗ್ರಿ ಇದ್ದಾಗ ತೊಟ್ಟಿ 32-33ಕ್ಕೆ ಹೋಗುತ್ತದೆ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ನಿಲ್ಲುತ್ತದೆ, ಮೀನಿಗೆ ಅದೇ ಹೊತ್ತಿನಲ್ಲಿ ಜಾಸ್ತಿ ಬೇಕು. ಮೊದಲ ಕೆಲಸ, ಗಾಳಿ ಹೆಚ್ಚಿಸಿ. ಎರಡನೆಯದು, ಮುಚ್ಚಳ ತೆಗೆದು ಬಲೆ ಹೊದಿಸಿ, ಸಣ್ಣ ಫ್ಯಾನ್ ನೀರಿನ ಮೇಲ್ಮೈಗೆ ಓರೆಯಾಗಿ ಬೀಸುವಂತೆ ಇಡಿ. ನಮ್ಮ ಒಣ ಸೆಕೆಯಲ್ಲಿ ಇದು ಮಡಕೆಯ ನೀರು ತಣ್ಣಗಾದಂತೆ ಕೆಲಸ ಮಾಡುತ್ತದೆ, ಎರಡು ಮೂರು ಡಿಗ್ರಿ ಇಳಿಯುತ್ತದೆ. ಐಸ್ ಸುರಿಯಬೇಡಿ. ತೀರಾ ಕಷ್ಟವಾದರೆ ನೀರು ತುಂಬಿ ಹೆಪ್ಪುಗಟ್ಟಿಸಿದ ಬಾಟಲಿಯನ್ನು ಮುಚ್ಚಳ ಹಾಕಿಯೇ ತೇಲಿಸಿ, ಎರಡು ಡಿಗ್ರಿ ಇಳಿದ ಮೇಲೆ ತೆಗೆಯಿರಿ.

ಫ್ಯಾನ್ ಇಟ್ಟರೆ ನೀರು ಬೇಗ ಆರುತ್ತದೆ. ಆರುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. ಕಡಿಮೆಯಾದಷ್ಟನ್ನು ಮತ್ತೆ ಬೋರ್ ನೀರಿನಿಂದ ತುಂಬುತ್ತಾ ಹೋದರೆ ಮೇ ಕೊನೆಗೆ ಟಿಡಿಎಸ್ ಎಲ್ಲಿಗೋ ಹೋಗಿರುತ್ತದೆ. ಆರಿದ ನೀರಿನ ಜಾಗಕ್ಕೆ ಮಾತ್ರ ಪೂರ್ತಿ ಆರ್‌ಒ ನೀರು ಹಾಕಿ.

ಇನ್ನೊಂದು ಅಪಾಯ ಮಾಳಿಗೆ ಮೇಲಿನ ಟಾಕಿ. ಮಧ್ಯಾಹ್ನ ಅದರ ನೀರು ಕೈ ಸುಡುವಷ್ಟು ಕಾದಿರುತ್ತದೆ. ತೊಟ್ಟಿಗೆ ಬೇಕಾದ ನೀರನ್ನು ಬೆಳಗ್ಗೆಯೇ ಹಿಡಿದಿಡಿ. ಕರೆಂಟ್ ಹೋಗಿ ಫಿಲ್ಟರ್ ಬಹಳ ಹೊತ್ತು ನಿಂತಿದ್ದರೆ, ಡಬ್ಬದ ಥರದ ಫಿಲ್ಟರಿನೊಳಗಿನ ನೀರು ಕೊಳೆತಿರುತ್ತದೆ. ಅದನ್ನು ಚೆಲ್ಲಿ ಆಮೇಲೆ ಚಾಲೂ ಮಾಡಿ.

ಎಚ್ಚರಿಕೆಯ ಗುರುತುಗಳು

ಮೇಲೆ ಬಂದು ಬಾಯಿ ಬಾಯಿ ಬಿಡುವುದು: ಆಮ್ಲಜನಕ ಕಡಿಮೆ, ಇಲ್ಲವೇ ಅಮೋನಿಯಾ ಅಥವಾ ನೈಟ್ರೈಟ್ ಜಾಸ್ತಿ. ಕಾರಣ ಹುಡುಕುತ್ತಾ ಕೂರಬೇಡಿ. ಗಾಳಿ ಜೋರು ಮಾಡಿ, ಆಹಾರ ನಿಲ್ಲಿಸಿ, ಕ್ಲೋರಿನ್ ತೆಗೆದ ಅದೇ ಬಿಸಿಯ ನೀರಿನಿಂದ ಅರ್ಧ ಬದಲಿಸಿ. ಆಮೇಲೆ ಟೆಸ್ಟ್ ಮಾಡಿ.

ಮೈ ಮೇಲೆ ರವೆ ಚೆಲ್ಲಿದಂಥ ಬಿಳಿ ಚುಕ್ಕಿ: ವೈಟ್ ಸ್ಪಾಟ್. ಎರಡು ದಿನದಲ್ಲಿ ನಿಧಾನಕ್ಕೆ ಬಿಸಿಯನ್ನು 30ಕ್ಕೆ ಏರಿಸಿ, ಗಾಳಿ ಹೆಚ್ಚಿಸಿ, ಅದರ ಔಷಧಿ ಹಾಕಿ. ಚುಕ್ಕಿ ಮಾಯವಾದ ಕೂಡಲೇ ನಿಲ್ಲಿಸಬೇಡಿ. ರೋಗಾಣು ಇನ್ನೂ ನೀರಿನಲ್ಲಿ ಇರುತ್ತದೆ, 10ರಿಂದ 14 ದಿನ ಮುಂದುವರಿಸಿ.

ಆಹಾರ ಬಾಯಿಗೆ ಹಾಕಿ ಉಗುಳುವುದು, ಬಿಳಿ ದಾರದ ಮಲ, ಹೊಟ್ಟೆ ಒಳಗೆ ಹೋಗುವುದು: ಹೊಟ್ಟೆಯೊಳಗಿನ ಪರಜೀವಿ ಇರಬಹುದು. ಆ ಮೀನನ್ನು ಬೇರೆ ಟಬ್ಬಿಗೆ ಹಾಕಿ, ತಿಳಿದವರನ್ನು ಕೇಳಿ ಔಷಧಿ ಕೊಡಿ. ಮೈ ಉಬ್ಬಿ ಹುರುಪೆ ಎದ್ದು ನಿಂತರೆ ಬದುಕುವ ಆಸೆ ಕಡಿಮೆ.

ಎಲ್ಲದಕ್ಕೂ ನೀಲಿ ಔಷಧಿ ಸುರಿಯುವ ಚಾಳಿ ಬೇಡ. ಮೆಥಿಲೀನ್ ಬ್ಲೂ ಫಿಲ್ಟರಿನ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ, ಗಾಜಿನ ಸಿಲಿಕಾನ್ ನೀಲಿಯಾಗಿ ಉಳಿಯುತ್ತದೆ. ಬಳಸಿದರೆ ಟಬ್ಬಿನಲ್ಲಿ ಮಾತ್ರ.

ರಾತ್ರಿ ಲೈಟು ಹಾಕಿದಾಗ ಮೀನು ಬಿಳಚಿ ಒಂದೆಡೆ ನಿಂತಿದ್ದರೆ ಅದು ಮಲಗಿತ್ತು, ಅಷ್ಟೇ. ಸಿಟ್ಟು ಬಂದಾಗ ಪಟ್ಟೆ ಕಪ್ಪಾಗುತ್ತದೆ, ಇದೂ ರೋಗವಲ್ಲ. ಎರಡು ಮೀನು ಬಾಯಿಗೆ ಬಾಯಿ ಹಿಡಿದು ಎಳೆದಾಡಿದರೆ ಅದು ಮುದ್ದು ಅಲ್ಲ, ಬಹುತೇಕ ಜಗಳ. ದಿನಾ ನಡೆದರೆ ಒಂದನ್ನು ಬೇರೆ ಮಾಡಿ.

ಊರಿಗೆ ಹೋಗುವಾಗ

ಮದುವೆಗೋ ಜಾತ್ರೆಗೋ ನಾಲ್ಕೈದು ದಿನ ಹೋದರೆ ದೊಡ್ಡ ಏಂಜಲ್ ಉಪವಾಸ ಇರುತ್ತದೆ, ಏನೂ ಆಗುವುದಿಲ್ಲ. ಹೋಗುವ ಮುನ್ನಾ ದಿನ ನೀರು ಬದಲಿಸಿ, ಲೈಟಿಗೆ ಟೈಮರ್ ಹಾಕಿ. ಫಿಲ್ಟರಿನ ಸ್ವಿಚ್ಚಿಗೆ ಟೇಪ್ ಅಂಟಿಸಿ, ಮನೆಯಿಂದ ಹೊರಡುವಾಗ ಎಲ್ಲ ಸ್ವಿಚ್ ಆಫ್ ಮಾಡುವ ಅಭ್ಯಾಸ ನಮಗೆ ಬಹಳ. ಅದಕ್ಕಿಂತ ಜಾಸ್ತಿ ದಿನ ಆದರೆ ಒಂದೊಂದು ಹೊತ್ತಿನ ಆಹಾರವನ್ನು ಬೇರೆ ಬೇರೆ ಕಾಗದದ ಪೊಟ್ಟಣ ಕಟ್ಟಿ ಪಕ್ಕದ ಮನೆಯವರಿಗೆ ಕೊಡಿ, ಡಬ್ಬಿಯನ್ನು ಬೀರುವಿನೊಳಗೆ ಇಟ್ಟು ಬೀಗ ಹಾಕಿ. ನಾನು ಒಮ್ಮೆ ಡಬ್ಬಿಯನ್ನೇ ಕೊಟ್ಟು ಹೋಗಿದ್ದೆ. ವಾಪಸ್ ಬಂದಾಗ ಡಬ್ಬಿ ಖಾಲಿ, ನೀರು ಹುಳಿ ಮಜ್ಜಿಗೆ. "ಪಾಪ, ಕೇಳ್ತಾನೇ ಇದ್ವು ರೀ" ಅಂದರು ಪಕ್ಕದ ಮನೆಯ ಕಾಕು.